ಕೊಡಕ್ಕೆ ಕಟ್ಟಿದ ಪಟಗ

ಹಾನಗಲ್ಲಿನಲ್ಲಿ ಆಗ ಒಂದು ಚಿಕ್ಕ ಟ್ರೇನಿಂಗ್ ಕಾಲೇಜಿತ್ತು. ಈಗ ಅದಿಲ್ಲ. ಅದು ನಡೆಯುತ್ತಿದ್ದ ಭತ್ತದ ವಖಾರಿಯೂ ಬಿದ್ದು ಹೋಗಿದೆ. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗರು ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಗಳಿಂದ ಬಂದು, ಪಾಠ ಹೇಳುವುದನ್ನು ಕಲಿತು, ಹಳ್ಳಿಯ ಕನ್ನಡ ಶಾಲೆಗಳಿಗೆ ಮಾಸ್ತರರಾಗಿ ಹೋಗುತ್ತಿದ್ದರು. ನಾನು ಅಲ್ಲಿ ಕಾರಕೂನನಾಗಿದ್ದೆ. ಮ್ಯಾಟ್ರಿಕ್ ಮುಗಿಸಿದ್ದೆ, ಮುಂದೆ ಓದಲಿಲ್ಲ. ನನ್ನ ಅಕ್ಷರ ಚೆನ್ನಾಗಿತ್ತು, ದನಿ ಅದಕ್ಕಿಂತ ಚೆನ್ನಾಗಿತ್ತು. ಆ ದನಿಯಿಂದ ನಾನು ಮಾಡಿದ ಕೆಲಸವೊಂದನ್ನು ಬರೆಯಲು ಕೂತಿದ್ದೇನೆ.

ಇದನ್ನು ಮೊಮ್ಮಕ್ಕಳಿಗೆ ಒಮ್ಮೆ ಹೇಳಿದ್ದೆ. "ಆಗಿನ ಕಾಲನ ಹಂಗಿತ್ತಲ್ಲ ಅಜ್ಜ, ಬಿಡು" ಎಂದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಾಲಕ್ಕೆ ಬಾಯಿ ಇರಲಿಲ್ಲ. ಬಾಯಿ ಇದ್ದದ್ದು ನನಗೆ. ಅಂದು ಕಟ್ಟೆಯ ಮೇಲೆ ಕಾಗದ ಹಿಡಿದು ನಿಂತು ಕೂಗಿದವನು ನಾನು. ನಾನು ಉಗುಳಿದ್ದನ್ನು ಕಾಲದ ಮೇಲೆ ಒರೆಸಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಯಾರ ಹೆಸರನ್ನೂ ಬರೆಯುವುದಿಲ್ಲ. ಅನ್ಯಾಯ ಮಾಡಿದವರ ಹೆಸರುಗಳು ಊರ ಗುಡಿಗಳ ಹಾಸುಗಲ್ಲಿನ ಮೇಲೆ ಬೇಕಾದಷ್ಟಿವೆ. ಅನ್ಯಾಯ ಉಂಡವರ ಹೆಸರು ಬರೆಯಲು ನಾನು ಅವರ ಒಪ್ಪಿಗೆ ಕೇಳಿಲ್ಲ. ನಾನು ಅನ್ಯಾಯ ಮಾಡಿದ ಮಾಸ್ತರರನ್ನು ಅಂದು 'ಅಂವ' ಎನ್ನುತ್ತಿದ್ದೆ. ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ತಡವಾಯಿತು ಎಂದು ಬಲ್ಲೆ.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕಾಲೇಜಿನ ಗ್ಯಾದರಿಂಗ್ ಆಗುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಚಕ್ಕಡಿ ಕಟ್ಟಿಕೊಂಡು, ಸೈಕಲ್ ತುಳಿದುಕೊಂಡು, ನಡೆದುಕೊಂಡು ಬರುತ್ತಿದ್ದರು. ಆ ದಿನದ ಮುಖ್ಯ ಕೆಲಸ ವರ್ತಮಾನ ಓದುವುದು. ಯಾರು ಪಾಸಾದರು, ಯಾರು ಹೆಡ್ ಮಾಸ್ತರರಾದರು, ಯಾರು ತಮ್ಮ ಶಾಲೆಗೆ ಊರವರಿಂದ ಹೆಂಚು ಹೊದಿಸಿಕೊಂಡರು, ಎಲ್ಲವನ್ನೂ ನಾನು ಕಟ್ಟೆಯ ಮೇಲೆ ನಿಂತು ಕೂಗಿ ಓದುತ್ತಿದ್ದೆ. ಸವಣೂರ ಕಡೆಯ ಒಬ್ಬ ಮಾಸ್ತರರು ಇಳಿವಯಸ್ಸಿನಲ್ಲಿ ಸೈಕಲ್ ಕಲಿತು ಎರಡು ಹಳ್ಳಿಯ ಶಾಲೆ ನಡೆಸಿದ್ದೂ ಒಂದು ವರ್ಷದ ವರ್ತಮಾನವಾಗಿತ್ತು. ಜನ ಅದಕ್ಕೆ ಹೊಡೆದಷ್ಟು ಚಪ್ಪಾಳೆಯನ್ನು ಮತ್ತಾವುದಕ್ಕೂ ಹೊಡೆಯಲಿಲ್ಲ. ಕಾಲೇಜು ಕಮಿಟಿಯ ಅಧ್ಯಕ್ಷರ ಅಳಿಯ ಇಂಗ್ಲಿಷ್ ಮೂರನೆಯ ಇಯತ್ತೆಯನ್ನು ಎರಡನೆಯ ಸಲಕ್ಕೆ ದಾಟಿದ್ದನ್ನೂ ಸಾಧನೆ ಎಂದು ಓದಿದ್ದೇನೆ. ಅವನಿಗೂ ನಮ್ಮ ಕಾಲೇಜಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ವರ್ತಮಾನದಲ್ಲಿ ಹೆಸರು ಬಂದವನು ಕಟ್ಟೆ ಹತ್ತಬೇಕು. ಅಧ್ಯಕ್ಷರು ತಮ್ಮ ಕೈಯಿಂದ ಅವನ ತಲೆಗೆ ಜರಿ ಅಂಚಿನ ಪಟಗ ಸುತ್ತಬೇಕು. ತೆಂಗಿನಕಾಯಿ, ವೀಳ್ಯ ಕೊಡಬೇಕು. ಹಾನಗಲ್ಲಿನ ಪಟಗ ಎಂದರೆ ಸುತ್ತಿನ ಹಳ್ಳಿಗಳಲ್ಲಿ ದೊಡ್ಡ ಮಾತು. ಅದನ್ನು ಸುತ್ತಿಕೊಂಡು ಊರೊಳಗೆ ಕಾಲಿಟ್ಟ ಮಾಸ್ತರನಿಗೆ ಗೌಡನೂ ಕಟ್ಟೆಯಿಂದೆದ್ದು "ಬರ್ರಿ ಮಾಸ್ತರ" ಎನ್ನುತ್ತಿದ್ದ.

ಕೆಲವರಿಗೆ ಬರಲಾಗುತ್ತಿರಲಿಲ್ಲ. ಕಾಲೇಜು ಕಟ್ಟಿದ ಹಿರಿಯ ಮಾಸ್ತರರು ಬದುಕಿದ್ದಾಗ ಒಂದು ವರ್ಷ, ಪಟಗ ಕಟ್ಟಿಸಿಕೊಳ್ಳಬೇಕಾದವರೊಬ್ಬರು ಅಕಾಲದ ಮಳೆಗೆ ಉಕ್ಕಿದ ವರದಾ ಹೊಳೆಯ ಆಚೆ ಸಿಕ್ಕಿಕೊಂಡರು. "ಆಳು ಬರಲಿಲ್ಲಂತ ಮಾನ ನಿಲ್ಲಬಾರದು" ಎಂದು ಹಿರಿಯ ಮಾಸ್ತರರು ಒಂದು ತಾಮ್ರದ ಕೊಡ ತರಿಸಿ ಅದಕ್ಕೆ ಪಟಗ ಸುತ್ತಿದರು. ಹೊಳೆ ಇಳಿದ ಮೇಲೆ ಸುತ್ತು ಕೆಡದಂತೆ ಪಟಗವನ್ನು ಬುಟ್ಟಿಯಲ್ಲಿಟ್ಟು ಆ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದರು. ಅಂದಿನಿಂದ ಅದು ಪದ್ಧತಿಯಾಯಿತು. ನಾನು ಹೆಸರು ಓದಿ "ಗೈರುಹಾಜರು" ಎಂದ ಕೂಡಲೇ ಕಾಲೇಜಿನ ಸಿಪಾಯಿ ಕೊಡ ತಂದಿಡುತ್ತಿದ್ದ. ಜನ ಕೊಡಕ್ಕೇ ಚಪ್ಪಾಳೆ ಹೊಡೆದು ನಗುತ್ತಿದ್ದರು. ಎಂಥ ಅಂತಃಕರಣದ ಪದ್ಧತಿ! ಅದನ್ನು ನಾವು ಏನು ಮಾಡಿದೆವು ಎಂಬುದೇ ಈ ಕಥೆ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷವಿರಬೇಕು. ಆ ವರ್ಷ ಟ್ರೇನಿಂಗ್ ಪರೀಕ್ಷೆಯಲ್ಲಿ ನಮ್ಮ ಕಾಲೇಜಿಗೆ ಮೊದಲ ನಂಬರು ಬಂದದ್ದು ಅವರಿಗೆ. ಹತ್ತಿಮತ್ತೂರಿನ ಆಚೆಗಿನ ಒಂದು ಹಳ್ಳಿಯ ಹೊರಕೇರಿಯವರು. ಅವರ ತಂದೆ ಆ ಹಳ್ಳಿಯ ಓಲೇಕಾರ, ಚಾವಡಿಯ ಟಪ್ಪಾಲು ಹೊತ್ತು ಊರೂರು ಅಲೆದು ಸತ್ತುಹೋಗಿದ್ದ. ಕನ್ನಡ ಶಾಲೆಯ ಪಾಠವನ್ನು ಅವರು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತು ಕಲಿತಿದ್ದರು. ಸರ್ಕಾರದ ಗ್ರ್ಯಾಂಟು ಬೇಕಿದ್ದರೆ ಅಂಥವರನ್ನೂ ಸೇರಿಸಿಕೊಳ್ಳಬೇಕಾಗಿತ್ತು, ಹಾಗಾಗಿ ಕಮಿಟಿ ಸೇರಿಸಿಕೊಂಡಿತ್ತು. ಬೋರ್ಡಿಂಗಿನಲ್ಲಿ ಊಟವಿಲ್ಲ, ನೀರಿಗೆ ಬೇರೆ ಮಡಕೆ. ಅದೇ ಬೋರ್ಡಿಂಗಿನಲ್ಲಿ ಸಂಜೆ ಪ್ರಾರ್ಥನೆಯಲ್ಲಿ ಎಲ್ಲರೂ ಒಂದೇ, ಕುಲವೆಂಬುದಿಲ್ಲ ಎಂದು ತಾಳ ಹಾಕಿ ಹಾಡುತ್ತಿದ್ದೆವು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದೆ.

ಅವರು ಮಾತಿನಲ್ಲಿ ಚುರುಕು. ನನ್ನ ಕೋಣೆಯ ಬಾಗಿಲ ಆಚೆ ನಿಂತು, "ಕಾರಕೂನರ, ನಿಮ್ಮ ದನಿ ಕೇಳಿದ್ರ ಆಡೂರಿನ ಶಾಸನದ ಕಲ್ಲೂ ಓ ಅಂತಾವ ನೋಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು.

ಗ್ಯಾದರಿಂಗಿನ ಹಿಂದಿನ ವಾರ ಬಂದು ಕೇಳಿದರು. "ಪಟಗ ಅಧ್ಯಕ್ಷರ ಕೈಲೇ ಕಟ್ಟಸ್ತಾರಲ್ರಿ? ನನಗೂ?"

"ಪದ್ಧತಿ ಐತೆಲ್ಲ. ಯಾಕ?"

"ನಮ್ಮೂರ ಸಾಲಿಗೇ ನನ್ನ ಹಾಕ್ಯಾರ್ರಿ. ನಮ್ಮ ಕೇರಿಯಾವ ಪಟಗ ಸುತ್ಕೊಂಡು ಗೌಡರ ಮನಿ ಮುಂದ ಹಾಯಂಗಿಲ್ಲ. ತಲಿ ಮ್ಯಾಗಿಂದು ಬಿಚ್ಚಿ ಬಗಲಾಗ ಹಿಡ್ಕೋಬೇಕು. ನಮ್ಮಪ್ಪ ಸಾಯೂತನಕ ಹಂಗ ನಡದ. ಬಗಲಾಗ ಪಟಗ ಹಿಡ್ಕೊಂಡು ಹೋದಾವ ಸಾಲಿ ಮಾಸ್ತರ ಹೆಂಗಾಗ್ತಾನ್ರಿ? ಅಧ್ಯಕ್ಷರು ಗೌಡರ ಬೀಗರು. ಬೀಗರ ಕಟ್ಟಿದ ಪಟಗ ಗೌಡರು ಬಿಚ್ಚಸಾಕ ಬರಂಗಿಲ್ಲ."

ಅವರ ಲೆಕ್ಕ ಸರಿಯಾಗಿತ್ತು. ಬೀಗರ ಕೈಯ ಪಟಗಕ್ಕೆ ಕೈ ಹಾಕಿದರೆ ಬೀಗತನಕ್ಕೇ ಕೈ ಹಾಕಿದಂತೆ. ಒಂದು ಬಟ್ಟೆ ಅವರ ತಲೆಗೆ, ಎಲ್ಲರೆದುರು, ಒಬ್ಬರ ಕೈಯಿಂದ ಬಿದ್ದರೆ ಅವರು ಊರಲ್ಲಿ ಮಾಸ್ತರರಾಗುತ್ತಿದ್ದರು. ಬೀಳದಿದ್ದರೆ ಓಲೇಕಾರನ ಮಗನಾಗಿಯೇ ಉಳಿಯುತ್ತಿದ್ದರು. ಅಷ್ಟೇ ಇದ್ದದ್ದು.

ಎರಡು ದಿನಕ್ಕೆ ಕಮಿಟಿ ಕೂತಿತು. ಅಧ್ಯಕ್ಷರು ಅಕ್ಕಿ ಗಿರಣಿಯ ಸಾಹುಕಾರರು. ಅವರ ಸಂಕಟ ನೋಡಬೇಕಿತ್ತು. "ಸಾಲಿ ತಪಾಸಣಿ ಮಾಡೂ ಡೆಪ್ಯುಟಿ ಸಾಹೇಬರು ಬರಾವರದಾರ. ಈ ಹುಡುಗನ ಹೆಸರು ಬಿಟ್ರ ಗ್ರ್ಯಾಂಟಿಗೆ ಸಂಚಕಾರ. ಓದಿದ್ರ ನಾ ಅವನ ತಲಿ ಮುಟ್ಟಬೇಕು. ಮುಟ್ಟಿ ಮನಿಗೆ ಹೋದ್ರ ನಮ್ಮವ್ವ ಒಳಗ ಬಿಟ್ಟಾಳೇನು?"

ಒಬ್ಬರು ಅವನಿಗೆ ಜ್ವರ ಬಂದಿದೆ ಎನ್ನೋಣ ಎಂದರು. ಇನ್ನೊಬ್ಬರು ಈ ವರ್ಷ ಯಾರಿಗೂ ಪಟಗ ಬೇಡ ಎಂದರು. ಅದಕ್ಕೆ ಯಾರೂ ಒಪ್ಪಲಿಲ್ಲ, ಅವರವರ ಮಕ್ಕಳು, ಅಳಿಯಂದಿರು ಸಾಲಿನಲ್ಲಿದ್ದರು. ಆಗ ಬಾಗಿಲ ಬಳಿ ನಿಂತಿದ್ದ ನಾನು, ಯಾರೂ ಕೇಳದಿದ್ದರೂ, "ಕೊಡ ಐತಲ್ರಿ" ಎಂದೆ.

ಅಧ್ಯಕ್ಷರು ತಿರುಗಿ ನೋಡಿದರು. "ಅಂವ ಅಲ್ಲೇ ನಿಂತಿರ್ತಾನಲ್ಲೋ?"

"ನಾ ಗೈರುಹಾಜರ ಅಂದ್ರ ಗೈರುಹಾಜರ್ರಿ. ಡೆಪ್ಯುಟಿ ಸಾಹೇಬರು ಪುಣೇ ಕಡಿಯವರು. ಅವರಿಗೇನು ಅವನ ಮಾರಿ ಗೊತ್ತೇನ್ರಿ?"

ಅಧ್ಯಕ್ಷರು ತೊಡೆ ತಟ್ಟಿಕೊಂಡು ನಕ್ಕರು. "ಭಪ್ಪರೆ! ನೀ ಕಾರಕೂನ ಅಲ್ಲೋ, ದಿವಾನ ಆಗಾಂವ! ನಂಬರ-ಗಿಂಬರ ಓದಬ್ಯಾಡ ಮತ್ತ. ಹೆಸರು ಅನ್ನು, ಗೈರುಹಾಜರ ಅನ್ನು, ಮುಂದಕ್ಕ ನಡಿ."

ನನ್ನನ್ನು ಯಾರೂ ಹೆದರಿಸಲಿಲ್ಲ. ಕೆಲಸ ಕಳೆಯುತ್ತೇವೆ ಎಂದು ಯಾರೂ ಅನ್ನಲಿಲ್ಲ. ಆ ಉಪಾಯ ನನ್ನದು, ನನ್ನ ತಲೆಯಲ್ಲಿ ಹುಟ್ಟಿದ್ದು. ಆ 'ಭಪ್ಪರೆ'ಯನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಿ, ಹೆಂಡತಿಗೂ ಹೇಳಿ, ಸುಖವಾಗಿ ಉಂಡೆ.

ಗ್ಯಾದರಿಂಗಿನ ದಿನ ಪೆಂಡಾಲು ತುಂಬಿತ್ತು. ಅವರು ತಾಯಿಯನ್ನು ಕರೆದುಕೊಂಡು ಬಂದಿದ್ದರು. ಹಾದಿಯ ಧೂಳು ಆಕೆಯ ಮೊಣಕಾಲಿನವರೆಗೆ ಏರಿತ್ತು. ಸಿಪಾಯಿ ಅವರಿಬ್ಬರನ್ನೂ ಪೆಂಡಾಲಿನ ಹಗ್ಗದ ಆಚೆ, ಚಕ್ಕಡಿ ಬಿಟ್ಟ ಕಡೆ ನಿಲ್ಲಿಸಿದ್ದ. ಅವರು ಒಗೆದ ಬಿಳಿ ಅಂಗಿ ಹಾಕಿಕೊಂಡು, ಪಟಗ ಸರಿಯಾಗಿ ಕೂರಲಿ ಎಂದು ತಲೆ ನುಣ್ಣಗೆ ಬಾಚಿಕೊಂಡು ನಿಂತಿದ್ದರು.

ಮೊದಲು ಪರೀಕ್ಷೆಯಲ್ಲಿ ಎರಡನೆಯವನಾಗಿ ಬಂದ ಹುಡುಗನನ್ನು ಕರೆದೆ. ಅವನು ಕಮಿಟಿಯವರೊಬ್ಬರ ಅಣ್ಣನ ಮಗ. 'ಉತ್ತಮ ನಂಬರಿನಿಂದ ಪಾಸಾದ' ಎಂದು ಓದಿದೆ. ಪಟಗ ಬಿತ್ತು, ಚಪ್ಪಾಳೆ ಬಿತ್ತು. ಇನ್ನೂ ನಾಲ್ಕಾರು ಹೆಸರುಗಳಾದ ಮೇಲೆ ಅವರ ಹೆಸರು ಓದಿ ಉಸಿರು ತೆಗೆಯದೆ "ಗೈರುಹಾಜರು" ಎಂದೆ. ಸಿಪಾಯಿ ಕೊಡ ತಂದಿಟ್ಟ.

ಹಗ್ಗದ ಆಚೆಯಿಂದ ದನಿ ಬಂತು. "ಹಾಜರ್ರೀ!"

ಕ್ಲಾಸಿನಲ್ಲಿ ಹಾಜರಿ ಕರೆದಾಗ ಅನ್ನುವ ಹಾಗೆಯೇ ಅಂದರು. ಜನ ತಮಾಷೆ ಎಂದುಕೊಂಡು ನಕ್ಕರು. ಅವರೂ ನಾನು ಅವಸರದಲ್ಲಿ ನೋಡಿಲ್ಲ ಎಂದುಕೊಂಡಿರಬೇಕು, ಮುಖದಲ್ಲಿ ನಗೆಯಿತ್ತು. ಕೈ ಎತ್ತಿ, "ಇಲ್ಲೇ ಅದೇನ್ರಿ ಕಾರಕೂನರ" ಎಂದರು.

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ನಾನು ಮತ್ತೆ, ಇನ್ನೂ ಗಟ್ಟಿಯಾಗಿ, "ಗೈರುಹಾಜರು" ಎಂದೆ. ಆಗ ಅವರಿಗೆ ತಿಳಿಯಿತು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಹಾಗೇ ನಿಂತರು.

ತಾಯಿಗೆ ಇನ್ನೂ ತಿಳಿದಿರಲಿಲ್ಲ. "ಏ ಎಪ್ಪಾ, ಇಲ್ಲೇ ನಿಂತಾನಲ್ಲೋ ನನ್ನ ಮಗ! ಕಣ್ಣಿಗೆ ಹೂ ಬಿದ್ದಾವೇನು ನಿನಗ? ಇತ್ತಾಗ ನೋಡು!"

ಡೆಪ್ಯುಟಿ ಸಾಹೇಬರು ನನ್ನ ಕಡೆ ವಾಲಿ, ಯಾರು ಅವರು, ಏನು ಗದ್ದಲ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಮರಾಠಿ ಬರುತ್ತಿತ್ತು. ಯಾರೋ ಬೀದಿಯ ಜನ ಸಾಹೇಬರೇ, ಪಟಗದ ಆಸೆಗೆ ಕೂಗುತ್ತಿದ್ದಾರೆ ಎಂದು ಅದೇ ಭಾಷೆಯಲ್ಲಿ ಹೇಳಿದೆ. ಅಧ್ಯಕ್ಷರು ಕೊಡದ ಕೊರಳಿಗೆ ಪಟಗ ಸುತ್ತಿದರು. ಎಷ್ಟು ಶ್ರದ್ಧೆಯಿಂದ ಸುತ್ತಿದರು! ಜರಿ ಅಂಚು ಮುಂದೆ ಬರುವಂತೆ ಒಮ್ಮೆ ಬಿಚ್ಚಿ ಮತ್ತೆ ಸುತ್ತಿದರು. ಮನುಷ್ಯನ ತಲೆಗೆ ಸಿಗದ ಕೈ ತಾಮ್ರಕ್ಕೆ ಸಿಕ್ಕಿತು. ಪೆಂಡಾಲಿನಲ್ಲಿ ಅವರ ಜೊತೆ ಕಲಿತ ಹುಡುಗರಿದ್ದರು, ಅವರಿಗೆ ಪಾಠ ಹೇಳಿದ ಮಾಸ್ತರರಿದ್ದರು. ಒಬ್ಬರಾದರೂ ಎದ್ದು, "ಅಲ್ಲೇ ನಿಂತಾರಲ್ರಿ" ಅನ್ನಲಿಲ್ಲ. ಎಲ್ಲರೂ ಕೊಡಕ್ಕೆ ಚಪ್ಪಾಳೆ ಹೊಡೆದರು.

ಪದ್ಧತಿಯ ಪ್ರಕಾರ ಆ ಪಟಗವನ್ನು ಅವರ ಊರ ಕಡೆ ಹೋಗುವವರು ಒಯ್ಯಬೇಕು. ಹೊರಕೇರಿಗೆ ಒಯ್ಯಲು ಯಾರೂ ಒಪ್ಪಲಿಲ್ಲ. "ನೀನ ಹಚ್ಚಿದ ಬೆಂಕಿ, ನೀನ ಒಯ್ದು ಕೊಡು" ಎಂದು ಅಧ್ಯಕ್ಷರು ನಗುತ್ತ ನನ್ನ ಕೈಗೆ ಕೊಡವನ್ನೇ ಕೊಟ್ಟರು. ತಾಯಿ ಮಗ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಕೂತಿದ್ದರು. ಆಕೆ ಬುತ್ತಿ ಬಿಚ್ಚಿದ್ದಳು, ಯಾರೂ ಉಂಡಿರಲಿಲ್ಲ.

"ತಗೋ, ನಿನ್ನ ಪಟಗ" ಎಂದೆ.

ಅವರು ಏಳಲಿಲ್ಲ. "ನಂದಲ್ರಿ ಅದು. ಕೊಡದ್ದು. ಪರೀಕ್ಷಾ ಕೊಡ ಪಾಸ್ ಮಾಡೇತೇನ್ರಿ? ಹಂಗಾದ್ರ ಮಾಸ್ತರಕಿನೂ ಅದಕ್ಕ ಕೊಡ್ರಿ. ಸಾಲಿಯಾಗ ಒಯ್ದು ಕುಂಡ್ರಸ್ರಿ. ಹುಡುಗೂರಿಗೆ ನೀರಾದ್ರೂ ಸಿಗ್ತೇತಿ."

ತಾಯಿ ನನ್ನನ್ನೇ ನೋಡುತ್ತಿದ್ದಳು. "ಎಪ್ಪಾ, ಆ ಕೊಡಕ್ಕ ತಲಿ ಐತಿ, ನನ್ನ ಮಗಗ ಇಲ್ಲೇನು? ಹಡದಾಕಿ ನಾನು, ನನಗ ಗೊತ್ತಿಲ್ಲೇನು?"

ಆಗ ಅವರು ಎದ್ದು ನಿಂತರು. ಚೇಷ್ಟೆಯ ದನಿ ಹೋಗಿತ್ತು. "ಕಾರಕೂನರ, ಅಧ್ಯಕ್ಷರು ಬ್ಯಾಡ. ನೀವು ಕಟ್ರಿ. ಇಲ್ಲೇ, ಈ ಗಿಡದ ಬುಡಕ. ನೀವೂ ದೊಡ್ಡ ಮನಿಯವರ ಅದೀರಿ. ಹಾನಗಲ್ಲ ಕಾರಕೂನರು ತಮ್ಮ ಕೈಲೇ ಕಟ್ಟ್ಯಾರಂತ ಊರಾಗ ಹೇಳ್ತೇನಿ. ಅಷ್ಟ ಸಾಕ್ರಿ ನನಗ."

ಅವರು ತಲೆ ಬಗ್ಗಿಸಿದರು. ಬಾಚಿದ ಕೂದಲು ನನ್ನ ಕೈಯಳತೆಯಲ್ಲಿತ್ತು. ನಾನು ಹಿಂದೆ ತಿರುಗಿ ನೋಡಿದೆ. ಪೆಂಡಾಲಿನ ಬಾಗಿಲಲ್ಲಿ ಒಂದಿಷ್ಟು ಜನ ವೀಳ್ಯ ಜಗಿಯುತ್ತ ನನ್ನನ್ನೇ ನೋಡುತ್ತಿದ್ದರು. ಕೊಡವನ್ನು ನೆಲದ ಮೇಲಿಟ್ಟು, "ನೀನ ಸುತ್ಕೋ" ಎಂದು ಹೇಳಿ ತಿರುಗಿ ನಡೆದೆ. ಬೆನ್ನ ಹಿಂದೆ ಬೈಗುಳ ಬಂದಿದ್ದರೆ ಒಳ್ಳೆಯದಿತ್ತು. ಸಂಜೆ ಸಿಪಾಯಿ ಹೋಗಿ ನೋಡಿದಾಗ ಕೊಡ ಪಟಗದ ಸಮೇತ ಅಲ್ಲೇ ಕೂತಿತ್ತಂತೆ.

ಅವರು ಬರಿದಲೆಯಲ್ಲಿ ಊರಿಗೆ ಹೋದರು. ನನ್ನ ಮಾತು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಗೌಡ ಚಾವಡಿಯಲ್ಲಿ ಕೂತು, "ಎದುರಿಗೆ ನಿಂತಾವನ್ನ ಇಲ್ಲ ಅಂದ್ರಂತ ಹಾನಗಲ್ಲಾಗ. ಇಲ್ಲದಾಂವ ಬಂದು ಹುಡುಗೂರಿಗೆ ಏನು ಕಲಿಸ್ಯಾನು?" ಎಂದು ಶಾಲೆಗೆ ಮಕ್ಕಳನ್ನು ಬಿಡಗೊಡಲಿಲ್ಲ. ಹುಡುಗರು 'ಗೈರುಹಾಜರ ಮಾಸ್ತರ' ಎಂದು ಕೂಗಿ ಓಡುತ್ತಿದ್ದರಂತೆ. ಮಳೆಗಾಲದವರೆಗೆ ಅವರು ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ಕೇರಿಯ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಆಮೇಲೆ ಸ್ಕೂಲ್ ಬೋರ್ಡಿನವರು ಹಿರೇಕೆರೂರ ಕಡೆಯ ಒಂದು ಹಳ್ಳಿಗೆ ಅವರನ್ನು ವರ್ಗ ಮಾಡಿದರು. ತಾಯಿ ಊರು ಬಿಟ್ಟು ಹೋಗಲಿಲ್ಲ. ಮಗ ಪಟಗ ಸುತ್ತಿಕೊಂಡು ಗೌಡರ ಮನೆಯ ಮುಂದೆ ಹಾಯುವುದನ್ನು ನೋಡದೆಯೇ ಆಕೆ ತೀರಿಕೊಂಡಳು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಿದ ದಿನ ಊಟ ಸೇರುತ್ತಿರಲಿಲ್ಲ, ಮರುದಿನ ಸೇರುತ್ತಿತ್ತು. ವರ್ಷ ವರ್ಷವೂ ಕಟ್ಟೆ ಹತ್ತಿ ವರ್ತಮಾನ ಓದುತ್ತಲೇ ಇದ್ದೆ.

ಸ್ವರಾಜ್ಯ ಬಂತು. ಅಧ್ಯಕ್ಷರು ಮಾತ್ರ ಆ ಗಿರಣಿ ಸಾಹುಕಾರರೇ. ತಲೆಯ ಮೇಲೆ ಖಾದಿ ಟೊಪ್ಪಿಗೆ ಬಂತು, ಭಾಷಣದಲ್ಲಿ ಹೊರಕೇರಿಯವರೆಲ್ಲ ನಮ್ಮ ಅಣ್ಣತಮ್ಮಂದಿರಾದರು. ಆ ವರ್ಷ ಹಳೆಯ ವಿದ್ಯಾರ್ಥಿಗಳ ಸುದ್ದಿ ಕೂಡಿಸಲು ನಾನು ಹಿರೇಕೆರೂರಿಗೆ ಹೋಗಿದ್ದೆ. ಅಲ್ಲಿ ಎಲ್ಲರ ಬಾಯಲ್ಲೂ ಒಂದು ಹಳ್ಳಿಯ ಶಾಲೆಯ ಮಾತು. ಆ ಶಾಲೆಯಿಂದ ಮುಲ್ಕಿಗೆ ಕೂತವರೆಲ್ಲ ಪಾಸಾಗುತ್ತಾರೆ, ಹೆಣ್ಣುಮಕ್ಕಳೂ ಪರೀಕ್ಷೆಗೆ ಕೂರುತ್ತಾರೆ ಎಂದು. ಅಲ್ಲಿಯ ಹೆಡ್ ಮಾಸ್ತರರು ಅವರೇ.

ಹುಡುಕಿಕೊಂಡು ಹೋದೆ. ಗುರುತು ಹಿಡಿದರು. "ಬರ್ರಿ ಕಾರಕೂನರ, ಕುಂಡ್ರಿ" ಎಂದು ಖುರ್ಚಿ ಎಳೆದು ಹಾಕಿದರು. ನನಗೆ ಕೂರಲಾಗಲಿಲ್ಲ. ನಿಂತೇ, "ಅವತ್ತ ನಾ ಮಾಡಿದ್ದು ಪಾಪರಿ. ಆ ಉಪಾಯ ನಂದ. ಕ್ಷಮಾ ಮಾಡ್ರಿ" ಎಂದೆ. ಕಾಲಿಗೆ ಬಾಗಲು ಹೋದೆ.

ಹಿಂದೆ ಸರಿದರು. "ಏ, ಅದೆಲ್ಲ ಬ್ಯಾಡ್ರಿ. ಇಲ್ಲಿ ಯಾರದಾರ? ನೀವು, ನಾನು, ಒಂದು ಖುರ್ಚಿ. ನೀವು ನನ್ನ ಕಿವಿಯಾಗ ಬೈದಿದ್ರ ಕಿವಿಯಾಗ ಕ್ಷಮಾ ಕೇಳಬೌದಿತ್ತು. ಪೆಂಡಾಲ ತುಂಬ ಕೂಗಿದ್ರಿ. ಅಲ್ಲಿ ಅಂದದ್ದನ್ನ ಅಲ್ಲೇ ತಿದ್ದ್ರಿ."

ಸರಿ ಎಂದು ಬಂದೆ. ಬರುವ ಗ್ಯಾದರಿಂಗಿನವರೆಗೆ ನನಗೆ ಅದೊಂದೇ ಧ್ಯಾನ. ಆ ದಿನ ವರ್ತಮಾನವೆಲ್ಲ ಓದಿ ಮುಗಿಸಿದ ಮೇಲೆ ಕಾಗದ ಮಡಚಿಟ್ಟೆ. "ಇನ್ನೊಂದು ಮಾತೈತ್ರಿ" ಎಂದೆ. ಹಿಂದೊಂದು ವರ್ಷ ಇದೇ ಕಟ್ಟೆಯ ಮೇಲಿಂದ ಹಾಜರಿದ್ದವರೊಬ್ಬರನ್ನು ಗೈರುಹಾಜರು ಎಂದೆ, ಹಾಗೆನ್ನುವ ಉಪಾಯ ಹೇಳಿಕೊಟ್ಟವನೂ ನಾನೇ, ಡೆಪ್ಯುಟಿ ಸಾಹೇಬರೆದುರು ಸುಳ್ಳು ಹೇಳಿದೆ, ಅವರು ತಲೆ ಬಗ್ಗಿಸಿ ಕೇಳಿಕೊಂಡರೂ ಪಟಗ ಕಟ್ಟಲಿಲ್ಲ, ನಾನು ಪಾಪಿ ಎಂದು ಹೇಳಿದೆ. ಕಣ್ಣೀರು ಬಂತು. ಕುಳಿತವರಲ್ಲಿ ಕೆಲವರು ಕಣ್ಣೊರೆಸಿಕೊಂಡರು.

ಅಧ್ಯಕ್ಷರು ಸಿಟ್ಟಾಗುತ್ತಾರೆ ಎಂದು ಕಾದೆ. ಅವರು ಎದ್ದು ಬಂದು ನನ್ನನ್ನು ಅಪ್ಪಿಕೊಂಡರು! "ನೋಡ್ರಿ, ನೋಡ್ರಿ! ತನ್ನ ತಪ್ಪು ತಾನ ಒಪ್ಪಿಕೊಳ್ಳೂ ಇಂಥಾ ಮನಸು ಯಾವ ಕಾಲೇಜಿನಾಗ ಸಿಗ್ತೇತಿ? ಇದ ನಮ್ಮ ಈ ವರ್ಷದ ದೊಡ್ಡ ವರ್ತಮಾನ! ತಾರೋ ಒಂದು ಪಟಗ!"

ಸಿಪಾಯಿ ಪಟಗ ತಂದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅಧ್ಯಕ್ಷರು ನನ್ನ ತಲೆಗೆ ಸುತ್ತತೊಡಗಿದರು. ಇದನ್ನೂ ಬರೆಯಬೇಕು: ಮೊದಲ ಸುತ್ತು ಬಿದ್ದಾಗ ನನಗೆ ಹಿತವಾಯಿತು. ಎರಡನೆಯ ಸುತ್ತಿಗೆ ನುಣ್ಣಗೆ ಬಾಚಿದ ಆ ತಲೆ ನೆನಪಾಯಿತು. ಯಾರ ತಲೆಗೆ ಬೀಳಬೇಕಾದ ಬಟ್ಟೆ ಯಾರ ತಲೆಗೆ ಬೀಳುತ್ತಿದೆ! ಮಾನ ಕಳೆದವನಿಗೆ ಮಾನ, ಕಳೆದೆನೆಂದು ಅತ್ತದ್ದಕ್ಕೆ ಮಾನ. ಈ ಜನ ಪಾಪವನ್ನೂ ಜೀರ್ಣಿಸಿಕೊಂಡರು, ಈಗ ಪಶ್ಚಾತ್ತಾಪವನ್ನೂ ಜೀರ್ಣಿಸಿಕೊಳ್ಳಲು ಕೂತಿದ್ದಾರೆ ಎನಿಸಿತು.

"ಬಿಚ್ಚ್ರಿ ಇದನ್ನ" ಎಂದೆ.

"ಮದಿಮಗ ನಾಚಾಕತ್ತಾನ!" ಎಂದು ಅಧ್ಯಕ್ಷರು ನಗಿಸಿದರು.

ನಾನೇ ಎಳೆದೆ. ಪಟಗ ಬಿಚ್ಚಿಕೊಂಡು ಜಾರಿ, ಜರಿ ಅಂಚು ಕಟ್ಟೆಯ ಧೂಳಿನಲ್ಲಿ ಬಿತ್ತು. ಚಪ್ಪಾಳೆ ನಿಂತಿತು. ಆಗ ಬಂತು ನೋಡಿ ಸಿಟ್ಟು! "ಮಾನದ ಪಟಗ ನೆಲಕ್ಕ ಒಗೀತೀಯೇನಲೇ? ಸೊಕ್ಕೇನಲೇ ನಿನಗ?" ಎಂದು ಅಧ್ಯಕ್ಷರು ಗುಡುಗಿದರು. ಮುಂದಿನ ಸಾಲಿನವರು "ಇಳಸ್ರಿ ಅವನ್ನ" ಎಂದು ಕೂಗಿದರು. ಮನುಷ್ಯನನ್ನು ಎದುರಿಗೇ ಇಲ್ಲವೆಂದಾಗ ಬಾರದ ಸಿಟ್ಟು, ಒಂದು ತುಂಡು ಬಟ್ಟೆ ಧೂಳಿಗೆ ಬಿದ್ದಾಗ ಅವರೆಲ್ಲರಿಗೂ ಬಂತು. ಆ ಸಿಟ್ಟನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದರು. ನಾನು ಶಿಗ್ಗಾವಿಯಲ್ಲಿ ಒಂದು ಕಿರಾಣಿ ಅಂಗಡಿಯ ಗುಮಾಸ್ತನಾಗಿ ಸೇರಿ ಅಲ್ಲೇ ಉಳಿದೆ.

ಸೇರುವ ಮುಂಚೆ ಹಿರೇಕೆರೂರ ಕಡೆ ಮತ್ತೊಮ್ಮೆ ಹೋದೆ. ಕೆಲಸ ಕಳೆದುಕೊಂಡಿದ್ದೆ, ಆದರೆ ಎದೆ ಉಬ್ಬಿತ್ತು. ಶಾಲೆಯ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ: ನಾನು ಹೇಗೆ ಒಪ್ಪಿಕೊಂಡೆ, ಜನ ಹೇಗೆ ಅತ್ತರು, ನಾನು ಹೇಗೆ ಪಟಗ ಕಿತ್ತೊಗೆದೆ.

ಅವರು ಕೈಯಲ್ಲಿನ ಸೀಮೆಸುಣ್ಣದ ಕಡ್ಡಿಯನ್ನು ತಿರುಗಿಸುತ್ತ ಪೂರ್ತಿ ಕೇಳಿದರು. ಆಮೇಲೆ, "ನನ್ನ ನಂಬರ ಓದಿದ್ರೇನ್ರಿ?" ಎಂದರು.

"ಯಾವ ನಂಬರು?"

"ಪರೀಕ್ಷಾದ್ದು."

ಪಾಪಿ ಎಂದದ್ದು ನನ್ನನ್ನು, ಅತ್ತದ್ದು ನನಗಾಗಿ, ಕಿತ್ತೊಗೆದದ್ದು ನನ್ನ ತಲೆಯ ಪಟಗವನ್ನು. ಅವರ ಹೆಸರನ್ನು ಕೂಡ ತೆಗೆದಿರಲಿಲ್ಲ. 'ಹಾಜರಿದ್ದವರೊಬ್ಬರು' ಎಂದಿದ್ದೆ, ಅಷ್ಟೇ.

"ಇಲ್ಲ" ಎಂದೆ.

"ಹಂಗಾದ್ರ ಅದು ನಿಮ್ಮ ವರ್ತಮಾನ ಆತು ಬಿಡ್ರಿ, ನಂದಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು. ಅವರು ಪಾಠಕ್ಕೆ ಹೋದರು. ಪೆಂಡಾಲು ತುಂಬ ಕೂಗಲು ನನಗೆ ಆಮೇಲೆ ಕಟ್ಟೆ ಸಿಗಲಿಲ್ಲ. ಈಗ ದನಿಯೂ ಇಲ್ಲ, ಈ ಕಾಗದವಿದೆ.

ಮಹಾಯುದ್ಧ ಶುರುವಾದ ಮರುವರ್ಷ, ಹಾನಗಲ್ಲಿನ ನಮ್ಮ ಟ್ರೇನಿಂಗ್ ಕಾಲೇಜಿಗೆ ಮೊದಲ ನಂಬರಿನಿಂದ ಪಾಸಾದವರು ಹತ್ತಿಮತ್ತೂರಿನ ಆಚೆಯ ಹಳ್ಳಿಯ ಓಲೇಕಾರರ ಮಗ. ವರ್ತಮಾನ ಓದಿದಾಗ ಅವರು ಹಾಜರಿದ್ದರು. ಅವರ ತಾಯಿಯೂ ಇದ್ದರು.